ಕೆರೆಗೆ ನಾನು, ಬಾವಿಗೆ ನೀನು

ಹೊಳಲ್ಕೆರೆ
1 ಫೆಬ್ರವರಿ 2025, ಶನಿವಾರ

ಹತ್ತನೇ ತರಗತಿಯ ಕೊನೇ ಬೆಂಚಿನ ಅರ್ಧ ಒಡತಿಯೂ, ಸದ್ಯ ಹಿರೇಗುಂಟನೂರಿನ ಅಜ್ಜಿಯ ಮನೆಯಲ್ಲಿ ಅಜ್ಞಾತವಾಸ ಕೈಗೊಂಡಿರುವವಳೂ ಆದ ಕುಮಾರಿ ಶಾಂತಿಯ ದಿವ್ಯ ಸನ್ನಿಧಾನಕ್ಕೆ, ಉಳಿದರ್ಧ ಬೆಂಚಿನ ದಾಕ್ಷಾಯಿಣಿಯು ಅಡ್ಡಬಿದ್ದು ಮಾಡುವ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಕ್ಷೇಮವಿಲ್ಲ ಎಂದು ಬರೆದರೆ ನಿನಗೆ ಖುಷಿಯಾಗುತ್ತದೆ. ಆದ್ದರಿಂದ ಆ ಜಾಗ ಖಾಲಿ ಬಿಟ್ಟಿದ್ದೇನೆ. ನಿನಗೆ ಸರಿಕಂಡ ಪದ ಹಾಕಿಕೋ. ಬಿಟ್ಟ ಸ್ಥಳ ತುಂಬುವುದರಲ್ಲಿ ನೀನು ಯಾವತ್ತೂ ನನಗಿಂತ ಮುಂದು.

ಪತ್ರ ತಡವಾಯಿತು, ಕ್ಷಮಿಸು. ತಪ್ಪು ನನ್ನದೊಂದೇ ಅಲ್ಲ. ಈ ಮೂರು ವಾರದಲ್ಲಿ ನಿನ್ನ ಮಾವ ಮಾರಪ್ಪನವರ ಫೋನಿಗೆ ಒಂಬತ್ತು ಸಲ ಮಾಡಿದೆ. ಒಂಬತ್ತು ಸಲವೂ "ಅವ್ಳು ಹೊಲಕ್ಕೋಗವ್ಳೆ ಕಣವ್ವ" ಎಂದರು. ಬೆಳಿಗ್ಗೆ ಆರಕ್ಕೂ ಹೊಲ, ಮಟಮಟ ಮಧ್ಯಾಹ್ನವೂ ಹೊಲ, ಸಂಜೆ ಏಳೂವರೆಗೂ ಹೊಲ. ಒಂದು ಸಲವಂತೂ ಹಿಂದಿನಿಂದ "ಹೊಲಕ್ಕೋಗಿದಾಳೆ ಅನ್ನು ಮಾವ" ಎಂಬ ನಿನ್ನ ದನಿಯೇ ಕೇಳಿಸಿತು. ಇಷ್ಟು ದುಡಿಯುವ ಹುಡುಗಿ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ ಎಂದು ತಿಳಿದು, ಅಜ್ಜಂದಿರ ಕಾಲದ ಉಪಾಯವಾದ ಕಾಗದಕ್ಕೆ ಶರಣಾಗಿದ್ದೇನೆ. ನಾಳೆ ಭಾನುವಾರ ನಿನ್ನ ಅಮ್ಮ ಗಂಗಕ್ಕ ಅಲ್ಲಿಗೆ ಬರುತ್ತಾರಂತೆ. ನಿನ್ನೆ ಬಿಸಿಯೂಟ ಬಡಿಸುವಾಗ ಹೇಳಿದರು. ಅವರ ಕೈಯಲ್ಲೇ ಕಳಿಸುತ್ತೇನೆ. ಈಗ ಶಾಲೆ ಬಿಟ್ಟಿದೆ, ಖಾಲಿ ತರಗತಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅತ್ತ ಅಡುಗೆ ಕೋಣೆಯಲ್ಲಿ ಗಂಗಕ್ಕ ಪಾತ್ರೆ ತಿಕ್ಕುವ ಸದ್ದು ಇಲ್ಲಿಗೂ ಕೇಳುತ್ತಿದೆ.

ಮೊದಲು ಸರ್ಕಾರಿ ಕೆಲಸ, ಆಮೇಲೆ ಮನೆ ಕೆಲಸ ಎಂದು ನಮ್ಮ ಕನ್ನಡ ಸಾರ್ ತಿಪ್ಪೇರುದ್ರಪ್ಪನವರು ಹೇಳುವಂತೆ, ಮುಖ್ಯ ವಿಷಯ ಇದು. ನಿನ್ನೆ ಸಾರ್ ನನ್ನನ್ನು ಕರೆದು ಹೇಳಿದರು: "ನಿನ್ ಗೆಳತಿಗೆ ಹೇಳು. ಪರೀಕ್ಷೆಗೆ ಹೆಸ್ರು ಹೋಗೈತೆ. ಸೋಮವಾರದಿಂದ ಬಂದ್ರೆ ಹಾಜರಿ ಸಾಲ್ತೈತೆ. ಇನ್ನೊಂದು ವಾರ ತಡ ಆತು ಅಂದ್ರೆ, ನಾನಿರ್ಲಿ, ನನ್ ಹೆಸ್ರಿನ ದೇವ್ರೇ ಇಳ್ದು ಬಂದ್ರೂ ಹಾಲ್ ಟಿಕೆಟ್ ಕೊಡ್ಸಾಕೆ ಆಗಲ್ಲ."

ಕೇಳಿಸಿತೇ? ಸೋಮವಾರ. ನಾಡಿದ್ದು. ಅಜ್ಜಿಯ ಕಣ್ಣಿನ ಆಪರೇಷನ್ ಎಂಬ ನೆಪ ಇನ್ನು ನಡೆಯದು. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ದಿನಕ್ಕೆ ಮೂರು ಧಾರಾವಾಹಿ ನೋಡುತ್ತಿದ್ದಾರೆಂದು ಗಂಗಕ್ಕನೇ ಸಾಕ್ಷಿ ನುಡಿದಿದ್ದಾರೆ.

ಇನ್ನು ಸಂತೋಷದ ಸುದ್ದಿ. ಗಟ್ಟಿಯಾಗಿ ಕುಳಿತುಕೋ. ಬೇಕಾದರೆ ಅಜ್ಜಿಯ ಮಂಚದ ಕಾಲು ಹಿಡಿದುಕೋ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಎರಡು ಕವಿತೆಗಳನ್ನು ಹೋಲಿಸಿ ಪ್ರಬಂಧ ಬರೆಯಿರಿ ಎಂಬ ಪ್ರಶ್ನೆಗೆ, ಇಡೀ ತರಗತಿಯಲ್ಲಿ ಒಬ್ಬಳಿಗೇ ಐದಕ್ಕೆ ಐದು ಬಂದಿದೆ. ಆ ಒಬ್ಬಳು ಈ ಪತ್ರದ ಲೇಖಕಿ!

ನಂಬುವುದಿಲ್ಲ, ಗೊತ್ತು. ಅರ್ಧವಾರ್ಷಿಕದಲ್ಲಿ ನಮ್ಮ ಕೀರ್ತಿ ಎಷ್ಟು ದೂರ ಹಬ್ಬಿತ್ತು ನೆನಪಿದೆಯಲ್ಲ? ಕೆರೆಯ ಮೇಲೊಂದು ಕವಿತೆ, ಬಾವಿಯ ಮೇಲೊಂದು ಕವಿತೆ. ನಾವು ಪಂಡಿತರು ಸೇರಿ ತೀರ್ಮಾನಿಸಿದ್ದೆವು: ಕೆರೆಯನ್ನು ನಾನು ಬಾಯಿಪಾಠ ಮಾಡುವುದು, ಬಾವಿಯನ್ನು ನೀನು. ಒಂದೇ ಬೆಂಚು, ಒಬ್ಬರದು ಒಬ್ಬರು ನೋಡಿ ಬರೆದರಾಯಿತು, ಇಬ್ಬರಿಗೂ ಅರ್ಧ ಶ್ರಮ. ಕ್ರಮಾಂಕದ ಪ್ರಕಾರ ಕೂರಿಸುತ್ತಾರೆಂಬ ಸಣ್ಣ ಸಂಗತಿ ಈ ಮಹಾಯೋಜನೆಯಲ್ಲಿ ಬಿಟ್ಟುಹೋಗಿತ್ತು. ನಾನು ಹನ್ನೊಂದು, ನೀನು ಮೂವತ್ನಾಲ್ಕು, ನಡುವೆ ಒಂದು ಗೋಡೆ. ನಾನು ಕೆರೆಯ ಬಗ್ಗೆ ಎರಡು ಪುಟ ತುಂಬಿಸಿ, ಬಾವಿಗೆ ಬಂದಾಗ ಕೈ ನಿಂತು, "ಬಾವಿಯ ವಿಚಾರಕ್ಕೆ ಕ್ರಮಾಂಕ 34ರ ಉತ್ತರ ಪತ್ರಿಕೆಯನ್ನು ನೋಡುವುದು" ಎಂದು ಗಂಭೀರವಾಗಿ ಬರೆದು ಅಡಿಗೆರೆ ಎಳೆದೆ. ಸಾರ್ ಅದನ್ನು ತರಗತಿಯಲ್ಲಿ ಓದಿ ಹೇಳಿದರಲ್ಲ, "ನೋಡ್ದೆ ಕಣಮ್ಮ. ಅಲ್ಲಿ ಬಾವಿ ಐತೆ, ಜತೆಗೆ ಮೂರು ಸಾಲು ಕೆರೇನೂ ಐತೆ. ಅದ್ಕೇ ಅವಳಿಗೆ ಮೂರು, ನಿಂಗೆ ಒಂದು" ಎಂದು! ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾವಿಬ್ಬರೂ ನಕ್ಕೆವು. ಅದು ನಗುವಂಥ ನಗುವೇ ಆಗಿತ್ತು.

ಈ ಸಲ ಗೋಡೆಯಾಚೆಯೂ ನೀನಿರಲಿಲ್ಲ. ಪ್ರಶ್ನೆಪತ್ರಿಕೆ ತೆರೆದರೆ ಒಂದು ಕವಿತೆ ಕೋಟೆಯ ಕಲ್ಲಿನದು, ಇನ್ನೊಂದು ಒಲೆಗಲ್ಲಿನದು. ಕವಿಯ ಹೆಸರಿಲ್ಲ. ಎರಡನ್ನೂ ಸಾರೇ ರಚಿಸಿರುವರೆಂದು ಇಡೀ ತರಗತಿಗೆ ಗುಮಾನಿ, ಯಾಕೆಂದರೆ ಸಾರ್ ಪಾಠ ಮಾಡುವಾಗ ಬಿಡದೆ ಹೇಳುವ 'ಅಲ್ಲವೇ' ಎಂಬ ಪದ ಎರಡರಲ್ಲೂ ಹದಿನಾಲ್ಕು ಸಲ ಬಂದಿದೆ. ಕೋಟೆಕಲ್ಲು ತಾನು ಎಷ್ಟು ಮಳೆ, ಎಷ್ಟು ಗುಂಡು ತಡೆದೆ ಎಂದು ಹೇಳಿಕೊಳ್ಳುತ್ತದೆ. ಒಲೆಗಲ್ಲು ತನ್ನ ಮೇಲೆ ಏನೇನು ಬೆಂದಿತು ಎಂದು ಹೇಳುತ್ತದೆ, ಅಷ್ಟೇ.

ನಾನು ರೂಢಿಯಂತೆ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಕೋಟೆಕಲ್ಲು, ಬಲಕ್ಕೆ ಒಲೆಗಲ್ಲು ಎಂದು ಪಟ್ಟಿ ಶುರು ಮಾಡಿದೆ. ಅದು ದೊಡ್ಡದು, ಇದು ಚಿಕ್ಕದು. ಅದು ಊರಿನದು, ಇದು ಮನೆಯದು. ಅದು ಬೆಳ್ಳಗೆ, ಇದು ಕಪ್ಪಗೆ. ಎಡಗಡೆ ಸರಾಗವಾಗಿ ತುಂಬುತ್ತಾ ಹೋಯಿತು. ಬಲಗಡೆ ಬರೆಯುವಾಗಲೆಲ್ಲ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಕಲ್ಲೇಶ ಕುಳಿತು, ಕಿಟಕಿಯಾಚೆ ಹಾರುವ ಕೊಕ್ಕರೆ ಎಣಿಸುತ್ತಿದ್ದ. ಆಗ ನೀನು ಯಾವಾಗಲೂ ಕೇಳುತ್ತಿದ್ದ ಪ್ರಶ್ನೆ ನೆನಪಾಯಿತು: "ಲೇ ದಾಕ್ಷಿ, ಯಾವುದು ಚೆಂದ ಅಂತ ಆಮೇಲ್ ನೋಡಾಣ. ಇದು ಯಾರ ಜತೆ ಮಾತಾಡ್ತೈತೆ, ಅದನ್ನ ಹೇಳು ಮೊದ್ಲು."

ಒಲೆಗಲ್ಲಿನ ಕವಿತೆಯನ್ನು ಮತ್ತೆ ಓದಿದೆ. ಶಾಂತಿ, ಅದು ಕೋಟೆಕಲ್ಲಿನ ಹೆಸರನ್ನೇ ಎತ್ತಿಲ್ಲ! ಒಂದೇ ಒಂದು ಸಾಲಿನಲ್ಲೂ ಇಲ್ಲ. ಅದಕ್ಕೆ ಕೋಟೆ ಬೇಕಾಗಿಯೇ ಇಲ್ಲ. ಪಟ್ಟಿಗೆ ಅಡ್ಡಗೀಟು ಹಾಕಿ, ಇನ್ನೊಂದು ಹಾಳೆ ಕೇಳಿ ಪಡೆದೆ (ನಾನು ಹೆಚ್ಚುವರಿ ಹಾಳೆ ಕೇಳಿದ್ದು ನೋಡಿ ಮೇಲ್ವಿಚಾರಕರು "ಹುಷಾರಿದ್ದೀಯೇನಮ್ಮ?" ಎಂದರು). ಬರೆದದ್ದನ್ನು ಇಲ್ಲಿ ಕೊಡುತ್ತೇನೆ, ನೀನು ಸಾಕ್ಷಿಯಾಗಿರು: "ಕೋಟೆಕಲ್ಲು ತನ್ನ ಪಾಡಿಗೆ ತಾನು ನಿಂತಿದೆ, ಒಲೆಗಲ್ಲು ತನ್ನ ಪಾಡಿಗೆ ತಾನು ಕಾದಿದೆ. ತಾನು ಕೀಳೆಂದು ಒಲೆಗಲ್ಲು ಯಾವ ಸಾಲಿನಲ್ಲೂ ಹೇಳಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಕೂರಿಸಿ, ಯಾವುದು ಮೇಲು ಎಂದು ಕೇಳಿದವರು ನಾವು. ಆದ್ದರಿಂದ ಇಲ್ಲಿ ಮೊದಲು ಪರೀಕ್ಷೆಗೆ ಒಳಗಾಗಬೇಕಾದವರು ಹೋಲಿಸುವವರು."

ನಿನ್ನೆ ಸಾರ್ ಪತ್ರಿಕೆ ಹಂಚುವಾಗ ನನ್ನದನ್ನು ಕೊನೆಗೆ ಇಟ್ಟುಕೊಂಡರು.

"ಲೇ ದಾಕ್ಷಾಯಿಣಿ, ಇದನ್ನ ಯಾರು ಬರ್ದಿದ್ದು?"

"ನಾನೇ ಸಾರ್."

"ಶಾಂತಿ ಬಂದಿರ್ಲಿಲ್ಲಲ್ಲ?"

"ಇಲ್ಲ ಸಾರ್."

"ಹಂಗಾದ್ರೆ ಯಾರು ಬರ್ದಿದ್ದು?"

ಕಲ್ಲೇಶ ಎದ್ದು ನಿಂತು, "ಪಕ್ಕದಾಗೆ ನಾನೇ ಕುಂತಿದ್ದೆ ಸಾರ್. ನನ್ ಪೇಪರ್ ನೋಡಿಲ್ಲ ಇವ್ಳು, ಆಣೆಗೂ" ಎಂದ. "ಅದು ನಂಗೂ ಗೊತ್ತು ಕಣಪ್ಪ, ನಿನ್ ಪೇಪರೂ ತಿದ್ದೀನಿ. ಕುಂತ್ಕ" ಎಂದರು ಸಾರ್. ಆಮೇಲೆ ಕನ್ನಡಕ ತೆಗೆದು ಒರೆಸಿ, ನನ್ನ ಪ್ರಬಂಧವನ್ನು ಪೂರ್ತಿ ಓದಿದರು. ಯಾರೂ ನಗಲಿಲ್ಲ! ನನ್ನ ಹದಿನೈದು ವರ್ಷದ ಜೀವನದಲ್ಲಿ ನಾನು ಬರೆದದ್ದಕ್ಕೆ ಯಾರೂ ನಗದೇ ಇದ್ದದ್ದು ಇದೇ ಮೊದಲು. ನನಗೆ ಗಾಬರಿಯಾಯಿತು, ಆದರೆ ಹಿತವಾದ ಗಾಬರಿ.

ಮನೆಯಲ್ಲಿ ಅಪ್ಪನಿಗೆ ತೋರಿಸಿದೆ. ಗೊಬ್ಬರದಂಗಡಿಯ ಶಿವಕುಮಾರಪ್ಪನವರಿಗೆ ಕವಿತೆಯೆಂದರೆ ಚೀಲದ ಮೇಲಿನ ಜಾಹೀರಾತು. ಆದರೂ ಎರಡು ಸಲ ಓದಿ, "ಐದುಕ್ ಐದಾ? ಸಾರ್ ಹುಷಾರಿದಾರಾ?" ಎಂದು ಕೇಳಿ, ಅಂಗಡಿಗೆ ಬಂದ ಮೂವರು ಗಿರಾಕಿಗಳಿಗೂ ತೋರಿಸಿದರು. ಅಮ್ಮ ಪಾರ್ವತಮ್ಮನವರು ದೃಷ್ಟಿ ತೆಗೆದರು, ನನಗಲ್ಲ, ಉತ್ತರ ಪತ್ರಿಕೆಗೆ.

ನೋಡು ಶಾಂತಿ, ಇಷ್ಟು ಖುಷಿಯನ್ನು ಒಬ್ಬಳೇ ಇಟ್ಟುಕೊಳ್ಳಲು ನನ್ನ ಬ್ಯಾಗಿನಲ್ಲಿ ಜಾಗವಿಲ್ಲ. ಆ ಐದರಲ್ಲಿ ಎರಡೂವರೆ ನಿನ್ನದೆಂದು ಸಾರ್‌ಗೆ ಹೇಳಿದೆ, "ಅರ್ಧ ಅಂಕ ಹಂಚೋಕೆ ಇದು ಕಡ್ಲೆಮಿಠಾಯಿ ಅಲ್ಲ" ಎಂದರು. ಹೋಲಿಕೆ ಪ್ರಬಂಧ ಬರೆಯುವ ಗುಟ್ಟು ಈಗ ನನಗೆ ಗೊತ್ತು. ನೀನು ಸೋಮವಾರ ಬಂದರೆ ಪೂರ್ತಿ ಹೇಳಿಕೊಡುತ್ತೇನೆ. ಅಲ್ಲ, ಅದೂ ಸುಳ್ಳು. ನಿನಗೆ ಅದು ಮೊದಲೇ ಗೊತ್ತಿತ್ತು. ಬಂದು ನನಗೆ ಗಣಿತ ಹೇಳಿಕೊಡು. ಗಣಿತದಲ್ಲಿ ಬಂದ ಅಂಕವನ್ನು ಈ ಪತ್ರದಲ್ಲಿ ನಮೂದಿಸುವುದು ಲೇಖಕಿಯ ಘನತೆಗೆ ತಕ್ಕುದಲ್ಲ.

ಆ ಶುಕ್ರವಾರದ ವಿಷಯ ಇಲ್ಲಿ ಎತ್ತಬಾರದೆಂದು ತೀರ್ಮಾನಿಸಿದ್ದೇನೆ. ಎತ್ತಿಲ್ಲ.

ಅಜ್ಜಿಯ ಕಣ್ಣು ಇನ್ನೂ ನೂರು ಧಾರಾವಾಹಿ ನೋಡಲಿ. ಮಾರಪ್ಪ ಮಾವನಿಗೆ ಸುಳ್ಳು ಹೇಳುವ ಕಷ್ಟ ಇನ್ನಾದರೂ ತಪ್ಪಲಿ. ನಿನ್ನ ಬಲಗೈ ಬೆರಳುಗಳಿಗೆ ಮಾರ್ಚ್ ತನಕ ಮುಳ್ಳು ಚುಚ್ಚದಿರಲಿ, ಕುಡುಗೋಲು ತಾಗದಿರಲಿ, ಪೆನ್ನಿನ ಶಾಯಿ ಬಿಟ್ಟರೆ ಬೇರೇನೂ ಮೆತ್ತದಿರಲಿ. ಇದು ಐದಕ್ಕೆ ಐದು ಪಡೆದವಳ ಆಶೀರ್ವಾದ, ಫಲಿಸಿಯೇ ತೀರುತ್ತದೆ.

ಖಾಲಿ ಅರ್ಧ ಬೆಂಚಿನ ಕಾವಲುಗಾರ್ತಿ,
ದಾಕ್ಷಿ

ತಾ.ಕ.: ಸಹಿ ಹಾಕಿ, ಮಡಿಸಿ, ಮತ್ತೆ ಬಿಚ್ಚಿದ್ದೇನೆ. ಎತ್ತದೆ ಆಗುವುದಿಲ್ಲ.

ಆ ಶುಕ್ರವಾರ ಸಾರ್ ರಜೆ. ನಾನು ಸಾರ್ ಕುರ್ಚಿಯ ಮೇಲಿದ್ದ ಟವೆಲ್ ಹೆಗಲಿಗೆ ಹಾಕಿಕೊಂಡು, ಅವರ ದನಿಯಲ್ಲಿ "ಶಾಂತಿ ಮತ್ತು ದಾಕ್ಷಾಯಿಣಿ: ಒಂದು ತೌಲನಿಕ ಪ್ರಬಂಧ" ಓದಿದೆ. ನಿನ್ನ ಜಡೆ, ನನ್ನ ಜಡೆ. ನಿನ್ನ ಗೊರಕೆ, ನನ್ನ ಸೀನು. ಎಲ್ಲರಿಗಿಂತ ಹೆಚ್ಚು ನೀನೇ ನಗುತ್ತಿದ್ದೆ. ಕೊನೆಯ ಸಾಲು ಚೀಟಿಯಲ್ಲಿರಲಿಲ್ಲ. ನಗು ಇಳಿಯಿತೆಂದು ಬಾಯಿಗೆ ಬಂದದ್ದನ್ನು ಹೇಳಿದೆ: "ದಾಕ್ಷಾಯಿಣಿಯ ಅಂಕಪಟ್ಟಿಗೆ ಅವಳ ಅಪ್ಪನ ಸಹಿ. ಶಾಂತಿಯ ಅಂಕಪಟ್ಟಿಗೆ ಶಾಂತಿಯದೇ ಸಹಿ. ಯಾಕೆಂದರೆ ಅವರಮ್ಮನಿಗೆ ಸೌಟು ಹಿಡಿಯಲು ಬರುತ್ತದೆ, ಪೆನ್ನು ಹಿಡಿಯಲು ಬರುವುದಿಲ್ಲ."

ಅದನ್ನು ನೀನು ನನಗೊಬ್ಬಳಿಗೇ ಹೇಳಿದ್ದೆ. ಕ್ಲಾಸು ಬೆಂಚು ಬಡಿದು ನಕ್ಕಿತು. ನೀನೂ ನಕ್ಕೆ. ಊಟದ ಬೆಲ್ ಆದಾಗ ಬ್ಯಾಗು ತೆಗೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ಆಮೇಲೆ ಗಂಗಕ್ಕ ನನ್ನ ತಟ್ಟೆಗೆ ಎಂದಿನಂತೆ ಎರಡು ಸೌಟು ಸಾರು ಹಾಕಿದರು, ನಾನು ಎಂದಿನಂತೆ ತಿಂದೆ. ಪರೀಕ್ಷೆಯ ದಿನದ ತನಕ ನಾನು ನನಗೇ ಹೇಳಿಕೊಂಡದ್ದು ಒಂದೇ ಮಾತು: ಅವಳೂ ನಕ್ಕಳಲ್ಲ. ನೀನು ನಕ್ಕದ್ದು, ಗುಟ್ಟು ಬಯಲು ಮಾಡಿದ ನನ್ನ ಮರ್ಯಾದೆ ಉಳಿಸಲು ಎಂದು ಆ ಎರಡನೇ ಹಾಳೆ ಬರೆಯುವಾಗ ತಿಳಿಯಿತು. ತಪ್ಪಾಯಿತು, ಶಾಂತಿ. ಇದರಲ್ಲಿ ತಮಾಷೆ ಇಲ್ಲ.

ಇನ್ನೊಂದು ತಾ.ಕ.: ಇದನ್ನು ಅಡುಗೆ ಕೋಣೆಯ ಹೊಸ್ತಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕಾಗದ ಕೊಡಲು ಹೋದರೆ ಗಂಗಕ್ಕ ಕೈ ಒರೆಸಿಕೊಂಡು, "ಇಷ್ಟ್ ದಪ್ಪ ಕಾಗ್ದ! ಏನ್ ಬರ್ದೀಯವ್ವ? ಅವ್ಳು ಯಾಕೋ ಮುನಿಸ್ಕಂಡವ್ಳೆ. ಮುನಿಸು ಜಾಸ್ತಿ ಆಗೋ ಮಾತಿದ್ರೆ ನಾನು ಒಯ್ಯಲ್ಲ. ಓದು, ಕೇಳ್ತೀನಿ" ಎಂದರು.

ಓದಿದೆ. ಕೊಕ್ಕರೆಯ ಜಾಗದಲ್ಲಿ ನಕ್ಕರು. ಸಹಿಯ ತನಕ ಬಂದು ನಿಂತೆ. "ಆಯ್ತಾ?" ಎಂದರು. ಆಯ್ತು ಎನ್ನಬಹುದಿತ್ತು. ಉಳಿದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುವುದಿಲ್ಲ ಎಂಬುದಕ್ಕೇ ಬಿಡಲಾಗಲಿಲ್ಲ. ಅದನ್ನೂ ಓದಿದೆ.

ಗಂಗಕ್ಕ ಬಹಳ ಹೊತ್ತು ಒಂದೇ ತಪ್ಪಲೆಯನ್ನು ತಿಕ್ಕಿದರು.

"ಎಲ್ರೂ ನಗಾಡಿದ್ರಾ?"

"ಹೂಂ."

"ನೀನೂ?"

"ನಾನೇ ಮೊದ್ಲು."

"ಅವತ್ತು ನನ್ ಹತ್ರ ಹೊಟ್ಟೆನೋವು ಅಂದಿದ್ಲು" ಎಂದರು. ತಪ್ಪಲೆಯನ್ನು ಬೋರಲು ಹಾಕಿದರು. ನನ್ನ ಮುಖ ನೋಡಲಿಲ್ಲ. "ಒಯ್ತೀನಿ. ಕೊಡ್ತೀನಿ. ಬಾ ಅಂತ ನಾನು ಹೇಳಲ್ಲ, ಬರಬ್ಯಾಡ ಅಂತಾನೂ ಹೇಳಲ್ಲ. ಈಗ ಇಲ್ಲಿ ಆಗಿದ್ದನ್ನೂ ಬರಿ. ನನ್ನೆದ್ರಿಗೆ ಓದಿದೀಯ ಅಂತ ಅವ್ಳಿಗೆ ಗೊತ್ತಾಗ್ಲಿ."

ಬರೆದಿದ್ದೇನೆ. ಅವರು ಬಾಗಿಲ ಬೀಗ ಹಿಡಿದುಕೊಂಡು ನಾನು ಮುಗಿಸಲೆಂದು ನಿಂತಿದ್ದಾರೆ.