ವಿಮೆಯ ಹುಡುಗಿ ಕೇಳಿದ್ದು

ಮಾರ್ಚ್ ೧೨, ಗುರುವಾರ.

ಪ್ರಯಾಣ ವಿಮೆಯ ಗೋಳು ಅಂತೂ ಮುಗಿಯಿತು. ನನ್ನವಳು ಹೊರದೇಶದಲ್ಲಿರುವ ತನ್ನ ಅಕ್ಕನನ್ನು ನೋಡಲು ಹೊರಟಿದ್ದಾಳೆ. ಎಪ್ಪತ್ತು ದಾಟಿದವರು ಇರುವ ಕಾಯಿಲೆಯನ್ನೆಲ್ಲ ಹೇಳಲೇಬೇಕಂತೆ. ಸ್ಪೀಕರ್ ಹಾಕಿದ ಫೋನಿನಲ್ಲಿ ವಿಮೆ ಕಚೇರಿಯ ಹುಡುಗಿ ಒಂದೊಂದಾಗಿ ಕೇಳುತ್ತಿದ್ದಳು. ಸಕ್ಕರೆ, ಬಿಪಿ, ಮಂಡಿನೋವು ಎಲ್ಲ ನನಗೆ ಗೊತ್ತಿದ್ದದ್ದೇ. ಪಕ್ಕದಲ್ಲಿ ಕೂತು ಮಾತ್ರೆಗಳ ಹೆಸರು ಓದಿ ಹೇಳುತ್ತಿದ್ದೆ.

"ಎದೆನೋವು ಯಾವತ್ತಾದ್ರೂ ಬಂದಿತ್ತಾ ಅಮ್ಮಾ?"

"ಎರಡು ಸಲ, ಹೋದ ವರ್ಷ."

ಫೋನಿಟ್ಟ ಮೇಲೆ ಕೇಳಿದೆ, "ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಅವಳು ಕೇಳಿದ್ಲು," ಎಂದು ಬಟ್ಟೆ ಮಡಚತೊಡಗಿದಳು.

ಹೃದಯವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ವಿಮೆ ಕೊಡುತ್ತಾರಂತೆ. ಆದರೂ ಹೋಗಿಯೇ ಹೋಗುತ್ತಾಳಂತೆ. ನಲವತ್ತಾರು ವರ್ಷದ ಸಂಸಾರ. ನಾಳೆ ನನಗೂ ಒಂದು ಟಿಕೆಟ್ ನೋಡಬೇಕು. ನನ್ನ ಕಾಯಿಲೆಗಳನ್ನು ಆ ಹುಡುಗಿಗೆ ಇವಳೇ ಹೇಳಲಿ. ಒಂದೂ ಬಿಡದೆ ಹೇಳುತ್ತಾಳೆ.