ದರ್ಭೆಯ ಗಂಟು

ಅಪ್ಪ,

ಇಂದು ಕದ್ರಿಯ ಮನೆಯಲ್ಲಿ ನಿಮ್ಮ ಮೊದಲ ಶ್ರಾದ್ಧ ಮುಗಿಯಿತು. ಕೊನೆಗೆ ದರ್ಭೆಯ ಪವಿತ್ರವನ್ನು ಬಿಚ್ಚಿಯೇ ಬಿಸಾಡಬೇಕಲ್ಲ. ಶ್ರಾದ್ಧ ಮಾಡಿದ ಮುಕುಂದಣ್ಣ ಬೆರಳಿನಿಂದ ತೆಗೆದ ಆ ಉಂಗುರದ ಗಂಟು ಒದ್ದೆಯಾಗಿ ಬಿಗಿದಿತ್ತು. "ಇಷ್ಟು ವರ್ಷ ಟೋಪಾಲಜಿ ಅಂತ ಗಂಟಿನದ್ದೇ ಸಂಶೋಧನೆ ಮಾಡಿದವಳಲ್ವಾ, ನೀನೇ ಬಿಚ್ಚು ಮಾರಾಯ್ತಿ" ಎಂದು ನನ್ನ ಕೈಗಿಟ್ಟ.

ನನಗೆ ಪಿಎಚ್.ಡಿ. ಸಿಕ್ಕಿದ ದಿನ, ಪೌರೋಹಿತ್ಯಕ್ಕೆ ಹೊರಟ ನೀವು ಇಂಥದ್ದೇ ಒಂದನ್ನು ಕಟ್ಟುತ್ತಾ, "ಇದು ನಿಮ್ಮ ಗಣಿತದಲ್ಲಿ ಉಂಟಾ?" ಎಂದು ಕೇಳಿದ್ದಿರಿ. "ಇಲ್ಲಪ್ಪ, ಎರಡು ತುದಿ ಕೂಡದಿದ್ದರೆ ಬಿಚ್ಚಿಬಿಡಬಹುದಲ್ಲ, ನಮಗದು ಗಂಟೇ ಅಲ್ಲ" ಎಂದಿದ್ದೆ. ಆಮೇಲೆ ನೀವು ನನ್ನ ಕೆಲಸದ ಬಗ್ಗೆ ಕೇಳಲಿಲ್ಲ.

ಎಲ್ಲರೂ ಊಟಕ್ಕೆ ಎದ್ದರು. ನಾನು ಗಂಟು ಬಿಚ್ಚದೆ, ಪವಿತ್ರದ ಎರಡು ತುದಿಗಳನ್ನು ಬೆರಳಲ್ಲಿ ಸೇರಿಸಿ ಹಿಡಿದುಕೊಂಡು ಕೂತೇ ಇದ್ದೆ.