ಎದೆಯ ಮೇಲೆ ಕೂತವರು

ಶಿಡ್ಲಘಟ್ಟ
೧೪-೨-೧೯೮೯

ಪ್ರೀತಿಯ ಭಾವಾ,

ನಿಮ್ಮ ಅನಸೂಯಳ ನಮಸ್ಕಾರ. ಮದುವೆಯಾಗಿ ಎರಡು ವರ್ಷವಾದರೂ ಇನ್ನೂ ಭಾವ ಅಂತಲೇ ಬರೆಯುತ್ತಾಳಲ್ಲ ಎಂದು ನಗಬೇಡಿ. ಅಕ್ಕನ ಗಂಡ ಎಂದು ಕರೆದು ರೂಢಿಯಾದ ನಾಲಿಗೆ, ಬೇರೆ ಕಡೆಗೆ ಹೊರಳುವುದಿಲ್ಲ. ನಿಮ್ಮ ಮೊಣಕಾಲು ನೋವು ಹೇಗಿದೆ? ಆ ಚಳಿಯಲ್ಲಿ ಅತ್ತೆ ಕಳಿಸಿದ ಉಣ್ಣೆಯ ಟೋಪಿ ಹಾಕಿಕೊಳ್ಳುತ್ತೀರೋ, ಜೊತೆಯ ಮಿಲಿಟರಿ ಜವಾನರಿಗೆ ದಾನ ಮಾಡಿಬಿಟ್ಟಿರೋ? ಇಲ್ಲಿ ಮಾವ ಆರಾಮ. ರೇಷ್ಮೆ ಹುಳು ಪೊರೆ ಬಿಟ್ಟು ಮೂರನೇ ಜ್ವರದಿಂದ ಎದ್ದಿದೆ, ಸೊಪ್ಪು ಹಾಕಿ ಹಾಕಿ ಅತ್ತೆಗೆ ಸೊಂಟ ಹಿಡಿದುಕೊಂಡಿದೆ. ಅಕ್ಕನ ಮಗ ಕೇಶವ ನನ್ನ ಮಗಳ ತೊಟ್ಟಿಲು ತೂಗುತ್ತೇನೆಂದು ಹೋಗಿ ತಾನೇ ಅದರೊಳಗೆ ಹತ್ತಿ ಕೂರುತ್ತಾನೆ. ಪಾಪು ಈಗ ಕತ್ತು ನಿಲ್ಲಿಸುತ್ತಾಳೆ, ಥೇಟ್ ನಿಮ್ಮದೇ ಮೂಗು, ಪಾಪ.

ಮಾವ ನಿಮಗೆ ಬರೆಸಿದ ಕಾಗದದಲ್ಲಿ "ಬಾಣಂತಿಗೆ ಸ್ವಲ್ಪ ಹುಷಾರು ತಪ್ಪಿತ್ತು, ಈಗ ವಾಸಿ" ಎಂದಿತ್ತಂತೆ. ನೀವು ಅಷ್ಟು ದೂರದಲ್ಲಿ ಗಾಬರಿಯಾಗಬಾರದೆಂದು ಹಾಗೆ ಬರೆಸಿದರು, ತಪ್ಪಲ್ಲ. ಆದರೆ ಯುಗಾದಿಗೆ ರಜೆ ಹಾಕಿ ಬರುತ್ತೇನೆ ಎಂದು ನೀವು ಬರೆದಿದ್ದೀರಿ, ಬರುವ ಮುಂಚೆ ನಿಮಗೆ ಎಲ್ಲವೂ ಗೊತ್ತಿರಬೇಕು. ಗೌರಿಬಿದನೂರಿನ ನಮ್ಮ ಮನೆಯಲ್ಲಿ ಅಮ್ಮ ನನ್ನನ್ನು ಬಾಣಂತನಕ್ಕೆ ಮಲಗಿಸಿದ್ದು ಅದೇ ಕೋಣೆಯಲ್ಲಿ, ಅಕ್ಕ ಆದಿಲಕ್ಷ್ಮಿ ಕೇಶವನನ್ನು ಹೆತ್ತು, ತಿಂಗಳು ತುಂಬುವುದರೊಳಗೆ ಹೋದ ಕೋಣೆ. ಬೇರೆ ಕೋಣೆಯಾದರೂ ಎಲ್ಲಿತ್ತು ಹೇಳಿ. ಹೆರಿಗೆ ಸುಸೂತ್ರವಾಯಿತು. ಆಮೇಲೆ ನನಗೆ ಮಲಗಲು ಆಗದೆ ಹೋಯಿತು. ತಲೆ ದಿಂಬಿಗೆ ತಾಗಿದರೆ ಯಾರೋ ಎದೆ ಮೇಲೆ ಕೂತು ಅದುಮಿದ ಹಾಗೆ, ನೀರಿನಲ್ಲಿ ಮುಳುಗಿದ ಹಾಗೆ. ಎದ್ದು ಗೋಡೆಗೆ ಒರಗಿದರೆ ಉಸಿರು ಬರುತ್ತಿತ್ತು. ಕಾಲು ಊದಿ ಕಾಲುಂಗುರ ಕಿತ್ತುಬರಲಿಲ್ಲ. ಸಾಂಬ್ರಾಣಿ ಹೊಗೆಗೆ ಕೆಮ್ಮು ಎಂದರು, ನಂಜು ಎಂದರು, ಬೆಳ್ಳುಳ್ಳಿ ಮೆಣಸು ಅರೆದು ಅರೆದು ತಿನ್ನಿಸಿದರು. ಒಂದು ಸಂಜೆ ಅಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ನಾನು ಗೋಡೆಗೆ ಒರಗಿ ಕೂತಿದ್ದೆ, ಅಕ್ಕ ಕೂರುತ್ತಿದ್ದ ಜಾಗದಲ್ಲೇ, ಅವಳ ಹಾಗೆಯೇ. ಅಮ್ಮನ ಕೈಯ ಚೊಂಬು ಜಾರಿಬಿತ್ತು. "ಅಯ್ಯೋ ಆದಿಲಕ್ಷ್ಮೀ, ತಂಗಿ ಮೇಲೆ ಯಾಕಮ್ಮಾ ಬಂದೆ?" ಎಂದು ಕೂಗಿಕೊಂಡಳು.

ಅವತ್ತಿನಿಂದ ಎಲ್ಲರಿಗೂ ಅದೇ ನಿಜವಾಯಿತು. ತಂಗಿ ತನ್ನ ಗಂಡನನ್ನು ಕಟ್ಟಿಕೊಂಡಳು, ತನ್ನ ಮಗನ ಕೈಲಿ ಅಮ್ಮಾ ಅನ್ನಿಸಿಕೊಂಡಳು ಎಂದು ಅಕ್ಕ ಬಂದು ಎದೆ ಮೇಲೆ ಕೂತಿದ್ದಾಳೆ. ಮದುವೆಯಲ್ಲಿ ಅವಳ ಹೆಸರಿನಲ್ಲಿ ನನ್ನ ತಾಳಿಯ ಜೊತೆ ಪೋಣಿಸಿದರಲ್ಲ, ಆ ಪುಟ್ಟ ಚಿನ್ನದ ಬಿಲ್ಲೆ, ಸತ್ತ ಸವತಿ ಸಮಾಧಾನವಾಗಿರಲಿ ಎಂದು, ಅದನ್ನು ಅಮ್ಮ ದಿನಾ ಹಾಲಿನಲ್ಲಿ ತೊಳೆದು ಕುಂಕುಮವಿಟ್ಟಳು. ನಾನೂ ನಂಬಿದೆ, ಭಾವಾ. ಕಣ್ಣು ಮುಚ್ಚಿದರೆ ಅಕ್ಕ ಕಾಣುತ್ತಿದ್ದಳು, ಬಾಣಂತಿಯ ತಲೆಗಟ್ಟಿನಲ್ಲಿ. ನಾನು ಮನಸ್ಸಿನಲ್ಲೇ ಅವಳ ಜೊತೆ ಜಗಳವಾಡಿದೆ. ಕೇಶವನನ್ನು ನಾನು ಬೈದೂ ನೋಡಿಲ್ಲ ಕಣೇ, ಇನ್ನೇನು ಬೇಕು ನಿನಗೆ ಅಂತ. ಕೊನೆಗೆ ದರ್ಗಾಕ್ಕೆ ಹೋದರೆ ಬಿಟ್ಟು ಹೋಗುತ್ತಾಳೆ ಎಂದು ಅಮ್ಮ ಹಸಿಗೂಸನ್ನು ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಮುರುಗಮಲ್ಲಕ್ಕೆ ಹೊರಟಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವಾಗ ಹೇಗೋ ನಡೆದೆ. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಬಿದ್ದೆ. ಯಾರೋ ಪುಣ್ಯಾತ್ಮರು ಜಟಕಾದಲ್ಲಿ ಹಾಕಿ ಹತ್ತಿರದ ಡಾಕ್ಟರಮ್ಮನ ಹತ್ತಿರ ಸಾಗಿಸಿದರಂತೆ. ಆಕೆ ಎದೆ ಕೇಳಿ, ಸೂಜಿ ಚುಚ್ಚಿ, ಅವತ್ತೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಾರು ಮಾಡಿಸಿದರು.

ಅಲ್ಲಿ ಎಕ್ಸರೇ ತೆಗೆಯುವ ಮುಂಚೆ ನರ್ಸು ತಾಳಿ, ಬಿಲ್ಲೆ ಎಲ್ಲ ಬಿಚ್ಚಿಸಿದಳು. ಬಿಚ್ಚಿಸಬೇಡಿ ಎಂದು ಅಮ್ಮ ಅವಳ ಕಾಲು ಹಿಡಿಯುವುದೊಂದು ಬಾಕಿ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ನನ್ನ ಹೃದಯ ಊದಿ ದೊಡ್ಡದಾಗಿ, ರಕ್ತ ತಳ್ಳುವ ಶಕ್ತಿಯಿಲ್ಲದೆ ಸೋತುಹೋಗಿತ್ತು. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದಂತೆ, ಅದಕ್ಕೇ ಶ್ವಾಸಕೋಶದಲ್ಲಿ ನೀರು ತುಂಬುವುದು, ಅದಕ್ಕೇ ಮಲಗಲು ಆಗದಿರುವುದು. ಆಗ ನನಗೆ ನೆನಪಾಯಿತು, ಅಕ್ಕನ ಬಾಣಂತನದಲ್ಲಿ ನಾನು ಲಂಗ ತೊಟ್ಟು ಅವಳಿಗೆ ಬಿಸಿನೀರು ಕೊಡುತ್ತಿದ್ದಾಗ ಅವಳು ಹೇಳಿದ್ದು: "ಮಲಗಿದ್ರೆ ಯಾರೋ ಎದೆ ಮೇಲೆ ಕೂತಂಗಾಗ್ತದೆ ಕಣೇ ಅನಸೂಯಾ." ನನ್ನ ಮೇಲೆ ಅಕ್ಕ ಕೂತಿದ್ದರೆ, ಅಕ್ಕನ ಮೇಲೆ ಯಾರು ಕೂತಿದ್ದರು? ಯಾರೂ ಇರಲಿಲ್ಲ, ಭಾವಾ. ಅವಳಿಗೂ ಇದೇ ಕಾಯಿಲೆ ಇದ್ದಿರಬೇಕು. ಡಾಕ್ಟರೂ ಹಾಗೇ ಅಂದರು. ಸತ್ತವಳನ್ನು ದೆವ್ವ ಮಾಡಿ ಅವಳ ಮೇಲೆ ಇಷ್ಟು ದಿನ ಅಪವಾದ ಹೊರಿಸಿದೆವು. ಅದಕ್ಕೆ ನನಗೆ ತುಂಬ ಅಳು ಬಂತು, ನನ್ನ ಕಾಯಿಲೆಗೆ ಅಷ್ಟು ಅತ್ತಿರಲಿಲ್ಲ.

ಈಗ ಮಾತ್ರೆ ನುಂಗುತ್ತೇನೆ, ಮೂರು ದಿಂಬು ಇಟ್ಟುಕೊಂಡು ಮಲಗುತ್ತೇನೆ, ಮುದ್ದೆಗೆ ಉಪ್ಪಿಲ್ಲದ ಸಾರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರಲ್ಲ, ಎರಡೂ ನನಗೆ ಒಟ್ಟಿಗೇ ತಪ್ಪಿದವು. ಆಸ್ಪತ್ರೆಯಲ್ಲಿ ನಾನು ನಿದ್ದೆ ಹೋಗಿದ್ದೇನೆ ಎಂದುಕೊಂಡು ಅಮ್ಮ ಅತ್ತೆಯ ಹತ್ತಿರ ಹೇಳುತ್ತಿದ್ದಳು: "ಇವಳ್ಗೂ ಏನಾದ್ರೂ ಆದ್ರೆ ಮಕ್ಳನ್ನ ಬೇರೆಯೋಳ ಕೈಗೆ ಹಾಕ್ಬೇಡಿ ಅಕ್ಕಯ್ಯಮ್ಮಾ. ನಮ್ ವರಲಕ್ಷ್ಮಿ ಇದಾಳಲ್ಲ." ಅತ್ತೆ "ನೋಡಣ" ಅಂದರು. ವರಲಕ್ಷ್ಮಿ, ನನ್ನ ತಂಗಿ, ಈ ವರ್ಷ ಎಸ್ಸೆಸ್ಸೆಲ್ಸಿಗೆ ಕೂರುವವಳು. ಅಮ್ಮನ ಮೇಲೆ ನನಗೆ ಕೋಪವಿಲ್ಲ, ಮೊಮ್ಮಕ್ಕಳ ಮೇಲಿನ ಆಸೆಗೆ ಅಂದಳು. ಆದರೆ ಈಗ ಕಣ್ಣು ಮುಚ್ಚಿದರೆ ಅಕ್ಕ ಕಾಣುವುದಿಲ್ಲ, ಆ ಗೋಡೆಗೆ ಒರಗಿ ವರಲಕ್ಷ್ಮಿ ಕೂತಿರುತ್ತಾಳೆ.

ಮಾವ, ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಕೇಶವ ಬಂದೂಕು ತರಬೇಕೆಂದು ಹೇಳಿದ್ದಾನೆ, ಆಟದ್ದು ಸಾಕು. ಮೈ ಕಡೆ ಜೋಪಾನ.

ಇಂತಿ ನಿಮ್ಮ,
ಅನಸೂಯ

ತಾ.ಕ.: ಮಾವ ಅಂಚೆಗೆ ಹೊರಟಿದ್ದಾರೆ, ನಾಚಿಕೆ ಬಿಟ್ಟು ಬರೆಯುತ್ತೇನೆ. ಇನ್ನೊಂದು ಬಸುರಾದರೆ ನಾನು ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದಾರೆ. ಈ ಹೃದಯ ಇಟ್ಟುಕೊಂಡು ನನಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡುವುದೂ ಅಪಾಯವಂತೆ, ಗಂಡಸರದು ಸುಲಭವಂತೆ. ಎಮರ್ಜೆನ್ಸಿಯಲ್ಲಿ ನಿಮ್ಮ ಚಿಕ್ಕಪ್ಪ ಕೋನಪ್ಪ ಅದಕ್ಕೆ ಹೆದರಿ ಹಿಪ್ಪುನೇರಳೆ ತೋಟದಲ್ಲಿ ಅಡಗಿದ್ದನ್ನು ನೀವೇ ನಗುತ್ತಾ ಹೇಳಿದ್ದಿರಿ. ನೀವು ಅಡಗಬೇಡಿ. ನಿಮ್ಮ ಮಿಲಿಟರಿ ಆಸ್ಪತ್ರೆಯಲ್ಲೇ ಮಾಡಿಸಿಕೊಂಡು ರಜೆಗೆ ಬನ್ನಿ, ಬಂದವರೇ ಎಲ್ಲರ ಎದುರಿಗೆ ಹೇಳಿ. ನಾನು ಉಳಿಯಲಿಕ್ಕೆ ಅಷ್ಟೇ ಅಲ್ಲ. ನಾನು ಉಳಿಯದೆ ಹೋದರೂ, ಆಪರೇಷನ್ ಆದ ಗಂಡಸಿಗೆ ನಮ್ಮಮ್ಮ ಮೂರನೇ ಮಗಳನ್ನು ಕೊಡುವುದಿಲ್ಲ.